ಪರ-ವಿರೋಧ: ಗ್ರಾಮೀಣ ವೈದ್ಯರ ಸಹಭಾಗಿತ್ವಕ್ಕೆ ಸರ್ಕಾರ ಹಣ ಕೊಡಬೇಕೇ?

ಪರ
ದಾರಿ ತೋರಿದವರಿಗೆ ದಾರಿಖರ್ಚಾದರೂ ಬೇಡವೇ?

ಹಾಡಿ, ತಾಂಡಾಗಳ ಜನರೊಂದಿಗೆ ಸೇರಿ ಗ್ರಾಮೀಣ ವೈದ್ಯರು ನಡೆಸುವ ಆರೋಗ್ಯ ಕಾರ್ಯಕ್ರಮಗಳಿಗೆ ಸರ್ಕಾರ ಹಣ ಕೊಡಬೇಕು ಎಂಬ ವಾದ ನನ್ನದು. ನಾನು ವೈದ್ಯನಲ್ಲ, ಅರ್ಥಶಾಸ್ತ್ರದ ಮೇಷ್ಟ್ರು. ಹಾಗಾಗಿ ಅಂಕಿಯಿಂದಲೇ ಆರಂಭಿಸುತ್ತೇನೆ.

ಅಭಯ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ 1986ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಗೆ ಹೋಗಿ ‘ಸರ್ಚ್’ ಸಂಸ್ಥೆ ಕಟ್ಟಿದರು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ಬಾಣಂತಿಯ ಮನೆಯಲ್ಲೇ ಕೂಸಿನ ತೂಕ ನೋಡುವುದು, ಉಸಿರಾಟ ಎಣಿಸುವುದು, ಸೋಂಕಿನ ಲಕ್ಷಣ ಕಂಡರೆ ಚುಚ್ಚುಮದ್ದು ಕೊಡುವುದು, ಇಷ್ಟನ್ನೂ ಅವರಿಗೆ ಕಲಿಸಿದರು. 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದ ಪ್ರಕಾರ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿದಿತ್ತು. ಇಂದು ಆಶಾ ಕಾರ್ಯಕರ್ತೆ ಹಸುಗೂಸಿರುವ ಮನೆಗೆ ಆರೇಳು ಸಲ ಹೋಗಿ ಬರುತ್ತಾಳಲ್ಲ, ಅದರ ಬೇರು ಅಲ್ಲಿದೆ. ಯಾವ ಇಲಾಖೆಯ ಸುತ್ತೋಲೆಯೂ ಅದನ್ನು ಹುಟ್ಟಿಸಲಿಲ್ಲ. ಅದಕ್ಕೂ ಮುಂಚೆ, 1970ರಲ್ಲೇ ಮಹಾರಾಷ್ಟ್ರದ ಜಾಮಖೇಡದಲ್ಲಿ ಕೆಲಸ ಆರಂಭಿಸಿದ ವೈದ್ಯ ದಂಪತಿ ಅರೋಲೆಯವರು ಅಕ್ಷರ ಬಾರದ ಹೆಂಗಸರನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದ್ದರು. ನಮ್ಮಲ್ಲೇ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ ವಹಿಸಿಕೊಂಡಿತು.

ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. ಕಾಡಂಚಿನ ಹಾಡಿಯವನಿಗೆ ಆ ಕೇಂದ್ರ ಎಷ್ಟು ಮೈಲಿ ದೂರ ಎಂಬುದನ್ನು ಮಾನದಂಡ ಕೇಳುವುದಿಲ್ಲ. ಜನರ ಭಾಷೆ ಬಲ್ಲ, ಅಲ್ಲೇ ಮನೆ ಮಾಡಿದ ವೈದ್ಯ ಕೇಳುತ್ತಾನೆ.

ಎಲ್ಲ ಸಂಸ್ಥೆಗಳೂ ಹೀಗೆಯೇ ಎಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ. ಹಣದ ದುರುಪಯೋಗವಾದರೆ ಎಂದು ಕೇಳುವವರಿಗೆ ಆಡಿಟ್ ಇದೆ ಎಂದಷ್ಟೇ ಹೇಳಬಲ್ಲೆ. ಯೋಜನೆ ಮುಗಿದ ಮೇಲೇನು ಎಂಬ ಪ್ರಶ್ನೆಯೂ ಇದೆ. ಅದು ಬೇರೆಯೇ ಚರ್ಚೆ.

ವಿರೋಧ
ಗುರುವಾರದ ಜೀಪು

ಪರವಾಗಿ ಬರೆಯುವವರು ಗಡಚಿರೋಲಿಯಿಂದಲೇ ಆರಂಭಿಸಿರುತ್ತಾರೆ, ಬೇಕಾದರೆ ಪಣ ಕಟ್ಟುತ್ತೇನೆ. ಬಂಗ್ ದಂಪತಿಗೆ ನಾನೂ ಕೈಮುಗಿಯುತ್ತೇನೆ. ಅವರು ಅಲ್ಲೇ ಉಳಿದರು. ನಾನು ಕಂಡವರು ಬ್ಯಾನರ್ ಕಟ್ಟಿ, ಫೋಟೊ ತೆಗೆಸಿಕೊಂಡು, ವರದಿ ಬರೆದು ಹೊರಟವರು. ದೇಶಕ್ಕೆ ಎರಡು ಗಡಚಿರೋಲಿ ಸಿಕ್ಕಿದರೆ ಇನ್ನೂರು ಬ್ಯಾನರ್ ಸಿಗುತ್ತವೆ.

ನಾನು ಮೂವತ್ತೆರಡು ವರ್ಷ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದವಳು. ಊರವರ ಬಾಯಲ್ಲಿ ನರ್ಸಮ್ಮ. ನನ್ನ ವ್ಯಾಪ್ತಿಯ ಹಾಡಿಗೆ ಒಮ್ಮೆ ಒಂದು ಸಂಸ್ಥೆಯ ಮೂರು ವರ್ಷದ ಸಹಭಾಗಿತ್ವ ಬಂತು. ಗುರುವಾರ ಗುರುವಾರ ಅವರ ಜೀಪು. ಒಳ್ಳೆಯ ಹುಡುಗರು, ಸುಳ್ಳು ಹೇಳಬಾರದು. ಬಿ.ಪಿ. ನೋಡಿದರು, ಪ್ರತಿಯೊಬ್ಬರಿಗೂ ಹಳದಿ ಚೀಟಿ ಮಾಡಿಕೊಟ್ಟರು, ಮಾತ್ರೆ ಕೊಟ್ಟರು. ಉಪಕೇಂದ್ರಕ್ಕೆ ಬರುತ್ತಿದ್ದವರೆಲ್ಲ ಗುರುವಾರಕ್ಕೆ ಕಾಯತೊಡಗಿದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು. ಮಾರ್ಚ್ ಬಂತು, ಅನುದಾನ ಮುಗಿಯಿತು, ಜೀಪು ನಿಂತಿತು.

ಎರಡು ತಿಂಗಳ ಮೇಲೆ ಅಲ್ಲಿನ ಒಬ್ಬ ಅಜ್ಜಿಯ ಗುಡಿಸಲಿಗೆ ಹೋದೆ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂರಿಗೆ ಸಿಕ್ಕಿಸಿದ್ದಳು. ಉಳಿದ ಮಾತ್ರೆಗಳನ್ನು ಅಡಕತ್ತರಿಯಲ್ಲಿ ಅರ್ಧ ಮಾಡಿ, ಆ ಅರ್ಧವನ್ನೂ ಮತ್ತೆ ಅರ್ಧ ಮಾಡಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಳು. ಸುಣ್ಣದ ಪುಡಿ ಯಾವುದು, ಮಾತ್ರೆಯ ಪುಡಿ ಯಾವುದು ಎಂದು ನನಗೇ ತಿಳಿಯಲಿಲ್ಲ. “ಜೀಪು ಬರುವವರೆಗೆ ಸಾಲಬೇಕಲ್ಲ ನರ್ಸಮ್ಮ” ಎಂದಳು. ಆ ಮಾತ್ರೆ ನಮ್ಮ ಇಂಡೆಂಟ್‌ನಲ್ಲಿಯೇ, ಅಂದರೆ ಔಷಧಿ ತರಿಸುವ ಪಟ್ಟಿಯಲ್ಲಿಯೇ ಇರಲಿಲ್ಲ. ಬದಲಿ ಮಾತ್ರೆ ಬರೆಸಲು ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಅಲ್ಲಿ ವೈದ್ಯರ ಹುದ್ದೆ ಖಾಲಿ.

ಖಾಲಿ ಹುದ್ದೆಗೆ ಹಣವಿಲ್ಲ, ಸಹಭಾಗಿತ್ವಕ್ಕೆ ಇದೆ ಎಂದರೆ ಏನರ್ಥ? 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು. ಸಮುದಾಯದ ಸಹಭಾಗಿತ್ವ ಎನ್ನುತ್ತಾರಲ್ಲ, ಅದು ಅಲ್ಲಿ ಜಮಖಾನೆ ಹಾಸಿಕೊಂಡು ಮಲಗಿತ್ತು. ‘ಆರೋಗ್ಯ ಬಂಧು’ ಹೆಸರಿನಲ್ಲಿ ಸರ್ಕಾರ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಸಂಸ್ಥೆಗಳಿಗೆ ವಹಿಸಿ, ಆಮೇಲೆ ವಾಪಸು ಪಡೆದದ್ದನ್ನೂ ಕಂಡಿದ್ದೇವೆ. ಕೊಡುವಾಗಲೂ ರೋಗಿಯನ್ನು ಕೇಳಲಿಲ್ಲ, ಪಡೆಯುವಾಗಲೂ ಕೇಳಲಿಲ್ಲ. ಆಡಿಟ್ ಇದೆ ಎನ್ನುವವರಿಗೆ ಒಂದು ಮಾತು: ಆಡಿಟ್‌ನವರು ರಸೀದಿ ನೋಡುತ್ತಾರೆ, ಎಲೆಯಡಿಕೆ ಚೀಲ ಬಿಚ್ಚುವುದಿಲ್ಲ.

ಸಂಪಾದಕರು ಹೇಳಿದ ಮಿತಿ ಮೀರಿದ್ದೇನೆ, ಆದರೂ ಇದನ್ನು ಹೇಳಬೇಕು. ವರ್ಷವಾದ ಮೇಲೆ ಆ ಸಂಸ್ಥೆಯ ಇಬ್ಬರು ಸಮೀಕ್ಷೆಗೆಂದು ಹಾಡಿಗೆ ಬಂದರು. ಕಾರ್ಯಕ್ರಮದಿಂದ ಪ್ರಯೋಜನವಾಯಿತೇ ಎಂದು ಅಜ್ಜಿಯನ್ನು ಕೇಳಿದರು. ಆಯಿತು ಎಂದಳು, ಅವರು ಗುರುತು ಹಾಕಿಕೊಂಡರು. ಅಷ್ಟರಲ್ಲಿ ಅವಳು ಒಳಗೆ ಹೋಗಿ ಸೂರಿನಿಂದ ಹಳದಿ ಚೀಟಿ ತೆಗೆದು ತಂದು ಅವರ ಮುಂದೆ ಹಿಡಿದಳು. ಮಾತ್ರೆ ಕೊಡಲು ಬಂದಿದ್ದಾರೆ ಎಂದುಕೊಂಡಿದ್ದಳು.