ಅಡಿಟಿಪ್ಪಣಿಯಲ್ಲಿರುವ ದೇಶಕ್ಕೆ ಟಿಕೆಟ್ ಮಾಡಿಸುವ ಬಗೆ

ಕೊಸೊವೊಗೆ ಹೊರಡುವವರು ಮೊದಲು ಕಲಿಯಬೇಕಾದ್ದು ಇಷ್ಟೇ: ಅಂಥದೊಂದು ದೇಶ ಇದೆಯೋ ಇಲ್ಲವೋ ಎಂದು ಯಾವ ಕೌಂಟರಿನಲ್ಲೂ ಬಾಯಿಬಿಟ್ಟು ಕೇಳಬಾರದು. ಕೇಳಿದಿರೋ, ಕೌಂಟರಿಗೊಂದು ಉತ್ತರ ಸಿಗುತ್ತದೆ. 2008ರ ಫೆಬ್ರವರಿ 17ರಂದು ಸರ್ಬಿಯಾದಿಂದ ತಾನು ಸ್ವತಂತ್ರ ಎಂದು ಸಾರಿಕೊಂಡ, ಆಗ್ನೇಯ ಯುರೋಪಿನ ಬಾಲ್ಕನ್ ಪ್ರದೇಶದ ಈ ನಾಡಿನ ವಿಸ್ತೀರ್ಣ ಸುಮಾರು 10,900 ಚದರ ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು. ಅಮೆರಿಕ, ಬ್ರಿಟನ್, ಜರ್ಮನಿ, ಜಪಾನುಗಳ ಕಣ್ಣಿಗೆ ಅದು ದೇಶ. ರಷ್ಯಾ, ಚೀನಾ, ಭಾರತದ ಕಡತಗಳಲ್ಲಿ ದೇಶವಲ್ಲ. ಯುರೋಪಿಯನ್ ಒಕ್ಕೂಟದ 27 ಸದಸ್ಯರಲ್ಲಿ 22 ಮಂದಿ ‘ಇದೆ’ ಎನ್ನುತ್ತಾರೆ. ಸ್ಪೇನ್, ಗ್ರೀಸ್, ರೊಮೇನಿಯಾ, ಸ್ಲೊವಾಕಿಯಾ, ಸೈಪ್ರಸ್ ಮಾತ್ರ ‘ಎಲ್ಲಿದೆ?’ ಎಂದು ಕೇಳುತ್ತವೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಲ್ಲಿ ಬ್ರಸೆಲ್ಸಿನಲ್ಲಿ ಕೂತ ಒಕ್ಕೂಟದ ಅಧಿಕಾರಿಗಳು ಪಳಗಿದ ಕೈ. 2012ರಲ್ಲಿ ಅವರು ಕೊಸೊವೊ ಹೆಸರಿನ ತಲೆಯ ಮೇಲೊಂದು ನಕ್ಷತ್ರ ಚಿಹ್ನೆ ಕೂರಿಸಿದರು. ಪುಟದ ಕೆಳಗೆ ಇಳಿದು ಓದಿದರೆ ಸಿಗುವ ಸಾರ: ಈ ಹೆಸರಿನಿಂದ ಯಾರ ನಿಲುವಿಗೂ ಬಾಧಕವಿಲ್ಲ, ಇದು ಭದ್ರತಾ ಮಂಡಳಿಯ 1244ನೇ ನಿರ್ಣಯಕ್ಕೂ, ಕೊಸೊವೊದ ಸ್ವಾತಂತ್ರ್ಯ ಘೋಷಣೆ ಕುರಿತ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯಕ್ಕೂ ಅನುಗುಣ. 1999ರ ಆ ನಿರ್ಣಯ, ಸರ್ಬಿಯಾ, ಕೊಸೊವೊ ಎರಡೂ ಆಗ ಸೇರಿದ್ದ ಯುಗೊಸ್ಲಾವಿಯಾದ ಪ್ರಾದೇಶಿಕ ಅಖಂಡತೆಯನ್ನು ಎತ್ತಿಹಿಡಿಯುತ್ತದೆ. 2010ರ ಆ ಅಭಿಪ್ರಾಯ, ಸ್ವಾತಂತ್ರ್ಯ ಘೋಷಿಸಿದ್ದು ಕಾನೂನು ಉಲ್ಲಂಘನೆಯಲ್ಲ ಎನ್ನುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದ ಗುಮಾಸ್ತನಿಗೆ ಬಡ್ತಿ ಸಿಕ್ಕಿರಲೇಬೇಕು.

ನೀವು ಪ್ರವಾಸ ಹೊರಟಿರುವುದು ಈ ಅಡಿಟಿಪ್ಪಣಿಗೆ. ವೀಸಾದಿಂದ ಶುರುಮಾಡೋಣ.

ಭಾರತದಲ್ಲಿ ಕೊಸೊವೊದ ರಾಯಭಾರ ಕಚೇರಿ ಇಲ್ಲ. ಇಲ್ಲದ ದೇಶಕ್ಕೆ ದೆಹಲಿಯಲ್ಲಿ ಬಂಗಲೆ ಕೊಡುವವರಾದರೂ ಯಾರು? ಹಾಗಾಗಿ ಅವರ ವೀಸಾ ಬೇಕೆಂದರೆ ಮೂರನೆಯ ಯಾವುದೋ ದೇಶದಲ್ಲಿರುವ ಅವರ ಕಚೇರಿಗೆ ಅಲೆಯಬೇಕು. ಆ ಕಷ್ಟ ಬೇಡವೆಂದು ಕೊಸೊವೊದವರೇ ಒಂದು ಬಾಗಿಲು ತೆರೆದಿಟ್ಟಿದ್ದಾರೆ: ಚಾಲ್ತಿಯಲ್ಲಿರುವ ಬಹುಪ್ರವೇಶದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಒಂದೇ ವೀಸಾ) ಇದ್ದರೆ 15 ದಿನ ಇರಬಹುದು, ಬೇರೆ ವೀಸಾ ಬೇಡ. ಇಲ್ಲಿ ಗಮನಿಸಬೇಕಾದ್ದು ‘ಬಹುಪ್ರವೇಶ’ ಎಂಬುದನ್ನು. ವೀಸಾ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆಯ ಎದುರು ‘ಮಲ್ಟ್’ ಎಂದು ಅಚ್ಚಾಗಿರಬೇಕು. ‘01’ ಎಂದಿದ್ದರೆ ಕೊಸೊವೊವೂ ಒಳಗೆ ಬಿಡುವುದಿಲ್ಲ, ಮರಳುವಾಗ ಷೆಂಗೆನ್ ಕೂಡ ಒಳಗೆ ಸೇರಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ, ನಡುವೆ ನಿಮ್ಮ ಸೂಟ್‌ಕೇಸು.

ಅರ್ಜಿ ಹಾಕುವಾಗಲೇ ಬಹುಪ್ರವೇಶದ ಚೌಕಕ್ಕೆ ಗುರುತು ಹಾಕಿ, ಜೊತೆಗಿಡುವ ಪತ್ರದಲ್ಲಿ ದಿನವಾರು ವಿವರ ಕೊಡಿ: ಇಂಥ ದಿನ ಜರ್ಮನಿ, ಇಂಥ ದಿನ ಷೆಂಗೆನ್ ಬಿಟ್ಟು ಬಾಲ್ಕನ್ನಿಗೆ, ಇಂಥ ದಿನ ಮತ್ತೆ ಒಳಗೆ. ವಯಸ್ಕರಿಗೆ ಶುಲ್ಕ 90 ಯುರೋ. 30,000 ಯುರೋ ರಕ್ಷಣೆಯ ವೈದ್ಯಕೀಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನು, ರಜೆಯ ಪತ್ರ ಎಲ್ಲ ಮಾಮೂಲು. ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ತಕರಾರಿಲ್ಲದೆ ಬಳಸಿದ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಕೊಡುವ ನಿಯಮ 2024ರ ಏಪ್ರಿಲಿನಲ್ಲಿ ಬಂದಿದೆ. ಅಂಥವರಿಗೆ ಈ ಪ್ರವಾಸ ಸಲೀಸು. ಮೊದಲ ಸಲ ಅರ್ಜಿ ಹಾಕುವವರು ಕೊಸೊವೊದ ಟಿಕೆಟನ್ನು ವೀಸಾ ಕೈಗೆ ಬಂದ ಮೇಲೆಯೇ ಮಾಡಿಸುವುದು ಒಳಿತು.

ಈಗ ಇದರ ಸೊಗಸು ನೋಡಿ. ಕೊಸೊವೊ ಎಂಬ ದೇಶವೇ ಇಲ್ಲ ಎನ್ನುವ ಸ್ಪೇನ್ ಕೊಟ್ಟ ವೀಸಾ ಹಿಡಿದು ನೀವು ಕೊಸೊವೊ ಒಳಗೆ ರಾಜಾರೋಷವಾಗಿ ಹೋಗಬಹುದು. ಅದೇ ಕೊಸೊವೊ ಪ್ರಜೆಗಳಿಗೆ 2024ರ ಜನವರಿ 1ರವರೆಗೆ ಷೆಂಗೆನ್ ಒಳಗೆ ವೀಸಾ ಇಲ್ಲದೆ ಕಾಲಿಡಲು ಬಿಡುತ್ತಿರಲಿಲ್ಲ. ಅಂದರೆ ಅವರ ಮನೆಗೆ ನೀವು ಹೋಗಲು ಬಳಸುತ್ತಿದ್ದ ಬೀಗದ ಕೈ ಅವರಿಗೇ ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ಜನವರಿಯಲ್ಲಿ ಸ್ಪೇನ್ ಕೂಡ ಕೊಸೊವೊದ ಪಾಸ್‌ಪೋರ್ಟನ್ನು ಒಪ್ಪಿಕೊಂಡಿತು. ದೇಶವನ್ನು ಮಾತ್ರ ಒಪ್ಪಿಲ್ಲ. ಪಾಸ್‌ಪೋರ್ಟ್ ತಾನಾಗಿ ಮರದಲ್ಲಿ ಬಿಟ್ಟಿರಬಹುದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದೇ ವಿಮಾನದ ಚೆಕ್‌ಇನ್ ಕೌಂಟರಿಗಾಗಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೋ ಮ್ಯೂನಿಕ್ಕಿಗೋ ನೇರ ವಿಮಾನವಿದೆ. ಜರ್ಮನಿಯಿಂದ ಕೊಸೊವೊದ ರಾಜಧಾನಿ ಪ್ರಿಷ್ಟಿನಾಕ್ಕೆ, ಜರ್ಮನಿಯಲ್ಲಿ ದುಡಿಯುವ ಕೊಸೊವೊದವರ ದೆಸೆಯಿಂದ, ವಿಮಾನಗಳು ಬೇಕಾದಷ್ಟಿವೆ. ಆದರೆ ಕೌಂಟರಿನವರು ನಿಮ್ಮ ಭಾರತೀಯ ಪಾಸ್‌ಪೋರ್ಟ್ ನೋಡಿ ‘ಕೊಸೊವೊ ವೀಸಾ ಎಲ್ಲಿ?’ ಎನ್ನಬಹುದು. ಜಗಳಕ್ಕಿಳಿಯಬೇಡಿ. ಕೊಸೊವೊ ವಿದೇಶಾಂಗ ಸಚಿವಾಲಯದ ವೀಸಾ ವಿನಾಯಿತಿ ಪುಟವನ್ನು ಮುದ್ರಿಸಿ ಇಟ್ಟುಕೊಂಡು, ಟಿಮ್ಯಾಟಿಕ್‌ನಲ್ಲಿ ನೋಡಿ ಎಂದು ವಿನಯದಿಂದ ಹೇಳಿ. ಪ್ರಯಾಣದ ದಾಖಲೆಗಳ ನಿಯಮ ನೋಡಲು ವಿಮಾನ ಕಂಪನಿಗಳು ಬಳಸುವ ದತ್ತಾಂಶ ಅದು. ಹೊರಡುವ ವಾರ ಆ ಪುಟವನ್ನು ಮತ್ತೊಮ್ಮೆ ನೋಡಿ. ಬಾಲ್ಕನ್ನಿನಲ್ಲಿ ನಿಯಮಗಳ ಆಯಸ್ಸು ಕಡಿಮೆ.

ಜುಲೈ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮತ್ತು ಡಿಸೆಂಬರ್ ಕೊನೆಯಲ್ಲಿ ಹೋಗಬೇಡಿ. ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದ ಊರಿಗೆ ಬರುವ ಸಂಸಾರಗಳಿಂದ ಟಿಕೆಟ್ ದರ ಮುಗಿಲು ಮುಟ್ಟುತ್ತದೆ, ಗಡಿಯಲ್ಲಿ ಕಾರುಗಳು ಮೈಲುಗಟ್ಟಲೆ ನಿಲ್ಲುತ್ತವೆ. ಮೇ, ಜೂನ್, ಸೆಪ್ಟೆಂಬರ್ ಸರಿಯಾದ ಕಾಲ.

ನಿಜವಾದ ತಲೆನೋವು ಸರ್ಬಿಯಾವನ್ನೂ ನೋಡಿಬಿಡೋಣ ಎಂದು ಹೊರಟವರಿಗೆ. ಸರ್ಬಿಯಾದ ಪ್ರಕಾರ ಕೊಸೊವೊ ತನ್ನದೇ ನೆಲ. ಆದ್ದರಿಂದ ಪ್ರಿಷ್ಟಿನಾ ವಿಮಾನ ನಿಲ್ದಾಣವೂ, ಅಲ್ಬೇನಿಯಾ ಮತ್ತು ಉತ್ತರ ಮೆಸಿಡೋನಿಯಾ ಕಡೆಯ ಗಡಿಗಳೂ ಸರ್ಬಿಯಾದ ಹೆಬ್ಬಾಗಿಲುಗಳು. ಆದರೆ ಆ ಹೆಬ್ಬಾಗಿಲುಗಳಲ್ಲಿ ಸರ್ಬಿಯಾದ ಒಬ್ಬ ಪೊಲೀಸನೂ ಇಲ್ಲ. ಇರಲು ಸಾಧ್ಯವೂ ಇಲ್ಲ. ನೀವು ವಿಮಾನದಲ್ಲಿ ಪ್ರಿಷ್ಟಿನಾಕ್ಕೆ ಇಳಿದು, ಬಸ್ಸು ಹಿಡಿದು ಮೆರ್ದಾರೆ ಎಂಬಲ್ಲಿ ಸರ್ಬಿಯಾದ ಕಡೆ ಹೊರಟಿರಿ ಎನ್ನೋಣ. ಅಲ್ಲಿನ ಸರ್ಬಿಯನ್ ಪೊಲೀಸ್ ಪಾಸ್‌ಪೋರ್ಟ್ ತಿರುವಿ ಕೇಳುತ್ತಾನೆ: ಸರ್ಬಿಯಾ ಒಳಗೆ ಬಂದ ಮೊಹರು ಎಲ್ಲಿ? ಮೊಹರು ಇಲ್ಲ. ಅಂದರೆ ನೀವು ಆಗಲೇ ಸರ್ಬಿಯಾದೊಳಗೆ ಅಕ್ರಮವಾಗಿ ನುಸುಳಿದ್ದೀರಿ. ಆ ಅಪರಾಧಕ್ಕಾಗಿ ಸರ್ಬಿಯಾದೊಳಗೆ ನಿಮಗೆ ಪ್ರವೇಶವಿಲ್ಲ. ಒಳಗಿದ್ದಾನೆಂದು ಒಳಗೆ ಬಿಡದಿರುವ ಈ ತರ್ಕಕ್ಕೆ ನ್ಯಾಯಶಾಸ್ತ್ರದ ಪಂಡಿತರೇ ಭಾಷ್ಯ ಬರೆಯಬೇಕು. ಬಸ್ಸು ನಿಮ್ಮನ್ನು ಇಳಿಸಿ ಮುಂದೆ ಹೋಗುತ್ತದೆ.

ತಿರುಗಾಮುರುಗಾ ಮಾಡಿದರೂ ಪಾರಿಲ್ಲ. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಮೊಹರು ಹಾಕಿಸಿಕೊಂಡು ಒಳಬಂದು, ಕೊಸೊವೊ ಹಾದು, ಉತ್ತರ ಮೆಸಿಡೋನಿಯಾದ ರಾಜಧಾನಿ ಸ್ಕೋಪ್ಯೆ ಕಡೆ ಹೊರಬಿದ್ದರೆ, ಸರ್ಬಿಯಾದಿಂದ ಹೊರಹೋದ ಮೊಹರು ಬೀಳುವುದೇ ಇಲ್ಲ. ದಾಖಲೆಯಲ್ಲಿ ನೀವು ಇನ್ನೂ ಸರ್ಬಿಯಾದಲ್ಲೇ ಇದ್ದೀರಿ. ಮುಂದಿನ ಸಲ ಹೋದಾಗ ಅವಧಿ ಮೀರಿ ತಂಗಿದ ಪ್ರಶ್ನೆ ಏಳಬಹುದು.

ಇದಕ್ಕೆ ಪರಿಹಾರ ಎರಡೇ. ಒಂದು, ಸರ್ಬಿಯಾದಿಂದ ಕೊಸೊವೊಗೆ ಹೋಗಿ, ಸರ್ಬಿಯಾಕ್ಕೇ ಮರಳಿ, ಅಲ್ಲಿಂದ ಊರಿಗೆ. ಎರಡು, ಮೊದಲು ಸರ್ಬಿಯಾ ಮುಗಿಸಿ, ನೇರ ಉತ್ತರ ಮೆಸಿಡೋನಿಯಾಕ್ಕೆ ಇಳಿದು ಹೊರಹೋದ ಮೊಹರು ಹಾಕಿಸಿಕೊಂಡು, ಸ್ಕೋಪ್ಯೆಯಿಂದ ಕೊಸೊವೊಗೆ. ಎರಡನೆಯದೇ ಮೇಲು. ಸ್ಕೋಪ್ಯೆಯಿಂದ ಪ್ರಿಷ್ಟಿನಾ 90 ಕಿಲೋಮೀಟರ್ ಆಸುಪಾಸು, ಬಸ್ಸಿಗೆ ಸುಮಾರು ಎರಡು ಗಂಟೆ, ಗಡಿ ಹಾನಿ ಇ ಎಲೆಜಿತ್‌ನಲ್ಲಿ. ಭಾರತೀಯರಿಗೆ ಸರ್ಬಿಯಾದ ವೀಸಾ ವಿನಾಯಿತಿ 2023ರ ಜನವರಿ 1ಕ್ಕೆ ಮುಗಿಯಿತಾದರೂ ಚಾಲ್ತಿ ಷೆಂಗೆನ್ ವೀಸಾ ಇದ್ದವರಿಗೆ ದಾರಿ ತೆರೆದೇ ಇದೆ. ಉತ್ತರ ಮೆಸಿಡೋನಿಯಾ ಬಹುಪ್ರವೇಶದ ಷೆಂಗೆನ್‌ಗೆ 15 ದಿನ ಕೊಡುತ್ತದೆ. ಆದರೆ ನೀವು ಆ ದೇಶ ಬಿಟ್ಟು ಹೊರಡುವ ದಿನದಿಂದ ಮುಂದೆ ಕನಿಷ್ಠ ಐದು ದಿನ ವೀಸಾ ಜೀವಂತವಿರಬೇಕು. ಕೊನೆಯ ದಿನದವರೆಗೆ ಹಿಂಡಿ ಬಳಸುವ ನಮ್ಮ ಜಾಣತನ ಅಲ್ಲಿ ನಡೆಯದು. ಬಾಡಿಗೆ ಕಾರಿನವರು ಇನ್ನೊಂದು ಮಾತು ತಿಳಿದಿರಬೇಕು: ಒಂದು ದೇಶದ ವಾಹನ ವಿಮೆ ಇನ್ನೊಂದರಲ್ಲೂ ನಡೆಯುವಂತೆ ಮಾಡುವ ಯುರೋಪಿನ ಗ್ರೀನ್ ಕಾರ್ಡ್ ವ್ಯವಸ್ಥೆಯಲ್ಲಿ ಕೊಸೊವೊ ಇಲ್ಲ, ಆದ್ದರಿಂದ ಸಾಮಾನ್ಯವಾಗಿ ಗಡಿಯ ಗೂಡಂಗಡಿಯಲ್ಲಿ ಬೇರೆ ವಿಮೆ ಕೊಳ್ಳಬೇಕು, ಕಾರು ಗಡಿ ದಾಟಲು ಬಾಡಿಗೆ ಕಂಪನಿಯ ಲಿಖಿತ ಒಪ್ಪಿಗೆಯೂ ಬೇಕು.

ರೈಲಿನ ಆಸೆ ಬಿಡಿ. 2017ರ ಜನವರಿಯಲ್ಲಿ ಬೆಲ್‌ಗ್ರೇಡಿನಿಂದ ಕೊಸೊವೊದ ಮಿತ್ರೊವಿತ್ಸಾಕ್ಕೆ ಒಂದು ರೈಲು ಹೊರಟಿತ್ತು. ಮೈತುಂಬ ಇಪ್ಪತ್ತರಷ್ಟು ಭಾಷೆಗಳಲ್ಲಿ ‘ಕೊಸೊವೊ ಸರ್ಬಿಯಾದ್ದು’ ಎಂದು ಬರೆಸಿಕೊಂಡು. ಗಡಿಗೆ ಹತ್ತಿರದ ರಾಷ್ಕಾದಲ್ಲೇ ಅದು ನಿಂತುಹೋಯಿತು. ಅಷ್ಟು ಭಾಷೆ ಬಲ್ಲ ರೈಲಿಗೂ ಗಡಿ ದಾಟಲು ಬರಲಿಲ್ಲ.

ಇನ್ನು ಅಂತರ್ಜಾಲದ ಅರ್ಜಿಗಳ ಪಟ್ಟಿ. ದೇಶಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಲ್ಲಿ ಕೊಸೊವೊಗೆ ಅಧಿಕೃತ ಜಾಗವಿಲ್ಲ. ‘ಎಕ್ಸ್‌ಕೆ’ ಎಂಬ ತಾತ್ಕಾಲಿಕ ಸಂಕೇತದಲ್ಲಿ ಕಾಲ ತಳ್ಳುತ್ತಿದೆ. ಕೆಲವು ಪಟ್ಟಿಗಳಲ್ಲಿ ಅದು ಸಿಗುತ್ತದೆ, ಕೆಲವದರಲ್ಲಿ ಸರ್ಬಿಯಾದ ಕೆಳಗೆ ಅಡಗಿರುತ್ತದೆ, ಇನ್ನು ಕೆಲವದರಲ್ಲಿ ಇಲ್ಲವೇ ಇಲ್ಲ. ಹೋಟೆಲಿನ ಮಟ್ಟಿಗೆ ಇದು ತಮಾಷೆ. ವಿಮೆಯ ಮಟ್ಟಿಗೆ ಅಲ್ಲ. ಸರ್ಬಿಯಾ ಎಂದು ಆರಿಸಿ ಪಾಲಿಸಿ ಕೊಂಡು ಕೊಸೊವೊದ ಪ್ರಿಜ್ರೆನ್ ಪಟ್ಟಣದಲ್ಲಿ ಕಾಲು ಮುರಿದುಕೊಂಡರೆ, ಆ ಕಾಲು ಯಾವ ದೇಶದಲ್ಲಿ ಮುರಿಯಿತು ಎಂಬ ಪ್ರಶ್ನೆ ವಿಶ್ವಸಂಸ್ಥೆಯಲ್ಲೇ ಇತ್ಯರ್ಥವಾಗಿಲ್ಲ. ‘ಕೊಸೊವೊಗೂ ಈ ಪಾಲಿಸಿ ಅನ್ವಯ’ ಎಂದು ವಿಮಾ ಕಂಪನಿಯಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ. ಮೊಬೈಲಿನ ರೋಮಿಂಗ್ ಪ್ಯಾಕಿಗೂ ಇದೇ ಮಾತು: ‘ಯುರೋಪ್’ ಎಂದಿದ್ದ ಮಾತ್ರಕ್ಕೆ ಕೊಸೊವೊ ಸೇರಿತೆಂದು ನಂಬಬೇಡಿ. ಅಲ್ಲಿಳಿದು ಇಪ್ಕೋ ಅಥವಾ ವಾಲಾ ಸಿಮ್ ಹಾಕಿಕೊಳ್ಳುವುದು ಅಗ್ಗ.

ಈ ಸಿಮ್ಮಿಗೂ ಒಂದು ಪುರಾಣವಿದೆ. 2016ರ ಕೊನೆಗೆ +383 ಎಂಬ ಸ್ವಂತ ಸಂಕೇತ ಸಿಗುವ ತನಕ ಕೊಸೊವೊದ ಮನೆ ಫೋನಿಗೆ ಸರ್ಬಿಯಾದ +381, ಒಂದು ಮೊಬೈಲ್ ಕಂಪನಿಗೆ ಮೊನಾಕೊದ +377, ಇನ್ನೊಂದಕ್ಕೆ ಸ್ಲೊವೇನಿಯಾದ +386. ಅಣ್ಣ ಮೊನಾಕೊದಿಂದ, ತಂಗಿ ಸ್ಲೊವೇನಿಯಾದಿಂದ, ಅಮ್ಮ ಸರ್ಬಿಯಾದಿಂದ ಮಾತಾಡುತ್ತಿದ್ದರು. ಮೂವರೂ ಒಂದೇ ಅಡುಗೆಮನೆಯಲ್ಲಿ. ಆಕಾಶದ ಕಥೆಯೂ ಅಷ್ಟೇ. ಕೊಸೊವೊದ ಮೇಲಿನ ಎತ್ತರದ ವಾಯುಮಾರ್ಗವನ್ನು 2014ರಿಂದ ನೋಡಿಕೊಳ್ಳುತ್ತಿರುವುದು ಹಂಗೇರಿಯವರು, ಬುಡಾಪೆಸ್ಟಿನಲ್ಲಿ ಕೂತು.

ಇಲ್ಲದ ದೇಶದಿಂದ ತೊಂದರೆಯೂ ಇರುವುದಿಲ್ಲ ಎಂದುಕೊಂಡವರಿಗೆ 2018ರಲ್ಲಿ ಪಾಠವಾಯಿತು. ಯುರೋಪಿನ ವಿದ್ಯುತ್ ಜಾಲ ಸ್ಪೇನಿನಿಂದ ಟರ್ಕಿಯವರೆಗೆ ಒಂದೇ ತಾಳಕ್ಕೆ, ಸೆಕೆಂಡಿಗೆ 50 ಆವರ್ತನಕ್ಕೆ ಮಿಡಿಯುತ್ತದೆ. ಓವನ್, ರೇಡಿಯೊ ಅಲಾರಮ್ಮುಗಳ ಗಡಿಯಾರಗಳು ಈ ಮಿಡಿತ ಎಣಿಸಿಯೇ ಸಮಯ ಹೇಳುವುದು. ಆ ಜನವರಿ ಮಧ್ಯದಿಂದ ಕೊಸೊವೊ ತಾನು ಉತ್ಪಾದಿಸಿದ್ದಕ್ಕಿಂತ ಹೆಚ್ಚು ವಿದ್ಯುತ್ ಎಳೆಯಿತು. ಆ ವಲಯದ ಸಮತೋಲನ ಕಾಯಬೇಕಾದ ಸರ್ಬಿಯಾ ಕೊರತೆ ತುಂಬಲಿಲ್ಲ. ಯಾರ ಬಿಲ್ಲು ಯಾರು ಕಟ್ಟಬೇಕು ಎಂಬುದರ ಹಿಂದೆ ಯಾರು ಯಾರ ದೇಶ ಎಂಬ ಹಳೆಯ ಜಗಳ. ಜಾಲದಿಂದ 113 ಗಿಗಾವ್ಯಾಟ್ ಅವರ್ ವಿದ್ಯುತ್ ಕಾಣೆಯಾಗಿ ಸರಾಸರಿ ಆವರ್ತನ 49.996ಕ್ಕೆ ಇಳಿಯಿತು. ಕೂದಲೆಳೆಯ ವ್ಯತ್ಯಾಸ, ಆದರೆ ದಿನದಿನವೂ ಕೂಡಿಕೊಂಡು ಮಾರ್ಚ್ ಆರಂಭಕ್ಕೆ 25 ದೇಶಗಳ ಇಂಥ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಕೊಸೊವೊವನ್ನು ಕಾಣಲಾರದ ಮ್ಯಾಡ್ರಿಡ್ಡಿನ ಗೃಹಸ್ಥನೊಬ್ಬ ಅದೇ ಕೊಸೊವೊದ ದೆಸೆಯಿಂದ ಕಚೇರಿಗೆ ತಡವಾಗಿ ಹೋಗಿರಬಹುದು. ಮೇಲಧಿಕಾರಿಗೆ ಕಾರಣ ಹೇಳುವಂತೆಯೂ ಇಲ್ಲ; ಹೇಳಿದರೆ ವಿದೇಶಾಂಗ ನೀತಿಗೆ ಭಂಗ.

ಹಣದ ಗೊಂದಲ ಕಡಿಮೆ. ಒಕ್ಕೂಟದಲ್ಲಿ ಇಲ್ಲದಿದ್ದರೂ ಯಾರನ್ನೂ ಕೇಳದೆ 2002ರಿಂದ ಯುರೋ ಬಳಸುತ್ತಿದ್ದಾರೆ. ಹಲವು ಎಟಿಎಂಗಳು ಪ್ರತಿ ಸಲಕ್ಕೂ ಶುಲ್ಕ ಕೀಳುವುದರಿಂದ ನಗದು ಒಯ್ಯಿರಿ, ಬಸ್ಸಿಗೂ ಕಾಫಿಗೂ ಚಿಲ್ಲರೆ ಇರಲಿ. ಸಸ್ಯಾಹಾರಿಗಳಿಗೆ ಫ್ಲಿಯಾ ಸಿಕ್ಕರೆ ಬಿಡಬೇಡಿ: ತೆಳು ಹಿಟ್ಟನ್ನು ತಟ್ಟೆಗೆ ಪದರಪದರವಾಗಿ ಸುರಿದು, ನಡುನಡುವೆ ಕೆನೆ ಸವರಿ, ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಮುಚ್ಚಳ ಕವುಚಿ ಒಂದೊಂದೇ ಪದರ ಬೇಯಿಸುತ್ತಾರೆ, ಗಂಟೆಗಟ್ಟಲೆಯ ಕೆಲಸ, ಆದ್ದರಿಂದ ಎಲ್ಲ ಹೋಟೆಲಿನಲ್ಲೂ ಇರುವುದಿಲ್ಲ. ಪಾಲಕ್ ಅಥವಾ ಚೀಸ್ ತುಂಬಿದ ಬುರೆಕ್ ಎಂಬ ಪದರ ತಿನಿಸು ಬೇಕರಿಗಳಲ್ಲಿ ಸಿಗುತ್ತದೆ. ಹುರುಳಿಕಾಯಿ ಬೀಜದ ಸಾರಿನಲ್ಲಿ ಒಣಮಾಂಸ ಹಾಕುವುದುಂಟು, ಕೇಳಿಯೇ ತಿನ್ನಿ.

ಪ್ರಿಷ್ಟಿನಾದ ಮುಖ್ಯ ಬೀದಿಗೆ ಮದರ್ ತೆರೇಸಾ ಹೆಸರು, 2017ರಲ್ಲಿ ಪ್ರತಿಷ್ಠೆಗೊಂಡ ದೊಡ್ಡ ಚರ್ಚಿಗೂ ಅದೇ ಹೆಸರು. 1980ರಲ್ಲಿ ಭಾರತ ರತ್ನ ಪಡೆದ ಭಾರತೀಯ ಪ್ರಜೆಯ ಹೆಸರಿನ ಬೀದಿಯಲ್ಲಿ ನೀವು ನಿಂತಿರುತ್ತೀರಿ. ಆ ಬೀದಿ ಇರುವ ದೇಶ ಮಾತ್ರ ಭಾರತಕ್ಕೆ ಕಾಣದು. ಇನ್ನೊಂದು ಬೀದಿಯಲ್ಲಿ ಬಿಲ್ ಕ್ಲಿಂಟನ್ ಪ್ರತಿಮೆ ಕೈಯೆತ್ತಿ ನಿಂತಿದೆ. 2009ರಲ್ಲಿ ಅದರ ಅನಾವರಣಕ್ಕೆ ಕ್ಲಿಂಟನ್ನರೇ ಬಂದಿದ್ದರು. ಜೀವಂತ ವ್ಯಕ್ತಿ ತನ್ನದೇ ಪ್ರತಿಮೆಯ ಪಕ್ಕ ನಿಂತು ಕೈಬೀಸುವ ಭಾಗ್ಯ ನಮ್ಮಲ್ಲಿ ಮಾತ್ರ ಎಂದುಕೊಂಡವರಿಗೆ ಇದೊಂದು ಸಮಾಧಾನ.

ಪಾಸ್‌ಪೋರ್ಟ್ ಕಳೆದುಹೋದರೆ? ದೆಹಲಿ ಕೊಸೊವೊವನ್ನು ಒಪ್ಪದೆ ಸರ್ಬಿಯಾದ ಅಖಂಡತೆಯ ಪರ ನಿಂತಿರುವುದರಿಂದ ಪ್ರಿಷ್ಟಿನಾದಲ್ಲಿ ನಮ್ಮ ಕಚೇರಿ ಇಲ್ಲ. ಮೊದಲು ಮೊರೆಯಿಡಬೇಕಾದ್ದು ಬೆಲ್‌ಗ್ರೇಡಿನ ಭಾರತೀಯ ರಾಯಭಾರ ಕಚೇರಿಗೆ. ಬೆಲ್‌ಗ್ರೇಡಿಗೆ ಹೋಗಲು ಪಾಸ್‌ಪೋರ್ಟ್ ಬೇಕು. ಇದ್ದರೂ, ವಿಮಾನದಲ್ಲಿ ಪ್ರಿಷ್ಟಿನಾಕ್ಕೆ ಇಳಿದವರನ್ನು ಮೆರ್ದಾರೆಯಲ್ಲೇ ತಡೆಯುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಎರಡು ಸೆಟ್ ಜೆರಾಕ್ಸ್, ನಾಲ್ಕು ಫೋಟೊ, ರಾಯಭಾರ ಕಚೇರಿಯ ತುರ್ತು ಸಂಖ್ಯೆ ಬೇರೆ ಚೀಲದಲ್ಲಿರಲಿ. ಸ್ಕ್ಯಾನ್ ಪ್ರತಿ ಊರಿನವರ ಬಳಿಯೂ ಇರಲಿ.

ಇಷ್ಟೆಲ್ಲ ಜೋಪಾನ ಮಾಡಿದ ಪಾಸ್‌ಪೋರ್ಟನ್ನು ನೀವಾಗಿಯೇ ಕೈಬಿಡಬೇಕಾದ ಒಂದು ಜಾಗವಿದೆ. ಡೆಚಾನಿಯ ಸರ್ಬಿಯನ್ ಮಠ, ಹದಿನಾಲ್ಕನೆಯ ಶತಮಾನದ ಭಿತ್ತಿಚಿತ್ರಗಳಿಗಾಗಿ ನೋಡಲೇಬೇಕಾದದ್ದು. ಯುನೆಸ್ಕೊ ಪಟ್ಟಿಯಲ್ಲಿ ಇದು ಸರ್ಬಿಯಾದ ಹೆಸರಿನಲ್ಲಿದೆ. 2015ರಲ್ಲಿ ಯುನೆಸ್ಕೊ ಸದಸ್ಯತ್ವ ಕೇಳಿದ ಕೊಸೊವೊಗೆ ಮೂರು ಮತಗಳ ಕೊರತೆಯಿಂದ ಅದು ಸಿಗಲಿಲ್ಲ. ಮಠ ಇರುವುದು ಕೊಸೊವೊದಲ್ಲಿ. ಕಾಯುವುದು ನೇಟೊ ನೇತೃತ್ವದ ಪಡೆ, ಹೆಚ್ಚಾಗಿ ಇಟಲಿಯ ಸೈನಿಕರು. ಅವರ ತಪಾಸಣೆ ಗೂಡಿನಲ್ಲಿ ಪಾಸ್‌ಪೋರ್ಟ್ ಒಪ್ಪಿಸಿ ಒಳಗೆ ಹೋಗಬೇಕು. ಹೊರಬರುವಾಗ ಇಸಿದುಕೊಳ್ಳುವುದನ್ನು ಮರೆಯಬೇಡಿ. ಹತ್ತಿರದ ಪೆಯಾ ಪಟ್ಟಣಕ್ಕೆ ಹೋಗುವ ಬಸ್ಸು ಹಿಡಿಯಲು ಅಲ್ಲಿಂದ ಊರಿನ ಮುಖ್ಯ ರಸ್ತೆಯವರೆಗೆ ಸುಮಾರು ಎರಡು ಕಿಲೋಮೀಟರ್ ನಡೆಯಬೇಕು.