ಎಚ್-ಇಂಡೆಕ್ಸ್ ಎಂಬ ಮುಯ್ಯಿ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಬರುವವರು ಮೊದಲೆಲ್ಲ ಶುಗರ್ ಎಷ್ಟು, ಬಿಪಿ ಎಷ್ಟು ಅಂತ ಕೇಳಿಕೊಳ್ಳುತ್ತಿದ್ದರು. ಈಗ ಅಲ್ಲಿನ ಮೇಷ್ಟ್ರುಗಳ ಬಾಯಲ್ಲಿ ಇನ್ನೊಂದು ನಂಬರ್ ಸೇರಿಕೊಂಡಿದೆ. ಎಚ್-ಇಂಡೆಕ್ಸ್. ಶುಗರ್ ಏರಿದರೆ ಮುಚ್ಚಿಡುತ್ತಾರೆ. ಇದು ಏರಿದರೆ ಕೆರೆಯ ಹಕ್ಕಿಗಳಿಗೂ ಕೇಳುವ ಹಾಗೆ ಹೇಳುತ್ತಾರೆ.

ಲೆಕ್ಕ ಸುಲಭ. ನಿಮ್ಮ ಸಂಶೋಧನಾ ಪೇಪರನ್ನು ಇನ್ನೊಂದು ಪೇಪರ್ ಹೆಸರಿಸಿದರೆ ಅದು ಒಂದು ಸೈಟೇಶನ್. ನಿಮ್ಮ 20 ಪೇಪರ್‌ಗಳಿಗೆ ತಲಾ 20 ಸೈಟೇಶನ್ನಾದರೂ ಬಿದ್ದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 20. ಅಮೆರಿಕದ ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಇದನ್ನು ಹೇಳಿದ್ದೇ ತಡ, ಆಯ್ಕೆ ಸಮಿತಿಗಳಿಗೆ ಹಬ್ಬ. ಪೇಪರ್ ಓದುವ ಕಷ್ಟ ತಪ್ಪಿತಲ್ಲ!

ನಮ್ಮ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಮಂಡ್ಯದ ಯಾವ ಛತ್ರಕ್ಕೆ ಹೋದರೂ ಒಬ್ಬರು ಪುಸ್ತಕ ಹಿಡಿದು ಮುಯ್ಯಿ ಬರೆದುಕೊಳ್ಳುತ್ತಾ ಕೂತಿರುತ್ತಾರೆ. ನನ್ನ ಮಗಳ ಮದುವೆಗೆ ನೀವು 501 ಹಾಕಿದ್ದರೆ ನಿಮ್ಮ ಮಗನ ಮದುವೆಗೆ ನಾನು ಅದಕ್ಕಿಂತ ಕಮ್ಮಿ ಹಾಕುವಂತಿಲ್ಲ. ಸೈಟೇಶನ್ನೂ ಅಷ್ಟೇ.

‘ಸಾರ್, ನಿಮ್ಮ ಹಳೇ ಪೇಪರ್ ಒಂದು ಹಾಕಿದ್ದೀನಿ.’

‘ನೋಡ್ದೆ ಕಣ್ರೀ. ನಮ್ಮ ಹುಡುಗನ ಪೇಪರ್ ಬರ್ತಾ ಇದೆ. ನಿಮ್ಮವು ಎರಡು ಹಾಕಿಸ್ತೀನಿ.’

ಆದರೂ ಮುಯ್ಯಿಗೇ ಮರ್ಯಾದೆ ಜಾಸ್ತಿ. ಹಾಕಿದವರು ಊಟವಾದರೂ ಮಾಡಿ ಹೋಗುತ್ತಾರೆ. ಇಲ್ಲಿ ಸೈಟ್ ಮಾಡಿದವರು ಪೇಪರ್ ತೆರೆದಿರಬೇಕು ಅಂತೇನೂ ಇಲ್ಲ. ಇನ್ನು ಪೇಪರ್ ತಿದ್ದಲು ಕೂತ ರಿವ್ಯೂವರ್ ಒಬ್ಬರು ‘ಈ ಐದು ಮುಖ್ಯ ಪೇಪರ್‌ಗಳು ಬಿಟ್ಟುಹೋಗಿವೆ’ ಅಂತ ಬರೆದು ಕಳಿಸುತ್ತಾರೆ. ಐದೂ ಯಾರವು ಅಂತ ನಾನು ಹೇಳಬೇಕಾ?

ಜೀನ್, ಪ್ರೊಟೀನ್ ನೋಡುವ ಮಾಲಿಕ್ಯುಲರ್ ಬಯಾಲಜಿಯಲ್ಲಂತೂ ಬೆಳೆ ಹುಲುಸು. ಕಬ್ಬಿನಲ್ಲಿ ಒಂದು ಜೀನ್ ಸಿಕ್ಕಿತು ಅನ್ನಿ. ಎಲೆಯಲ್ಲಿ ಅದು ಏನು ಮಾಡುತ್ತದೆ, ಒಂದು ಪೇಪರ್. ಬೇರಿನಲ್ಲಿ, ಇನ್ನೊಂದು. ನೀರು ಕಮ್ಮಿ ಕೊಟ್ಟಾಗ ಒಂದು. ಜಾಸ್ತಿ ಕೊಟ್ಟಾಗ ಒಂದು. ಜೀನ್ ಎಲ್ಲೂ ಏನೂ ಮಾಡದಿದ್ದರೆ ‘ಪ್ರಾಥಮಿಕ ಅಧ್ಯಯನ’. ಕೊನೆಗೆ ಎಲ್ಲವನ್ನೂ ಸೇರಿಸಿ ಒಂದು ರಿವ್ಯೂ. ಅದರಲ್ಲಿ ತನ್ನ ಎಲ್ಲ ಪೇಪರ್‌ಗಳಿಗೂ ತಾನೇ ಸೈಟೇಶನ್. ತನ್ನ ಮದುವೆಗೆ ತಾನೇ ಮುಯ್ಯಿ ಹಾಕಿಕೊಂಡು ಪುಸ್ತಕದಲ್ಲಿ ಬರೆಸುವ ಧೈರ್ಯ ಛತ್ರದಲ್ಲಿ ಯಾರಿಗೂ ಬಂದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಡಿಎನ್‌ಎ ನಕಲು ತೆಗೆಯುವ ಪಿಸಿಆರ್ ಹಾಕಿದ, ಅದನ್ನು ನೋಡಲು ಜೆಲ್ ಓಡಿಸಿದ ಹುಡುಗಿಯ ಹೆಸರು ಮಧ್ಯದಲ್ಲೆಲ್ಲೋ ಇರುತ್ತದೆ. ಮಷಿನ್ ಇಟ್ಟ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆಯೋ ಅವರ ಹೆಸರೂ ಇರುತ್ತದೆ.

ಈ ಶಾಸ್ತ್ರದಲ್ಲೇ ಒಂದು ತಮಾಷೆ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಸೈಟ್ ಆದ ಪೇಪರ್‌ಗಳ ಪಟ್ಟಿಯನ್ನು 2014ರಲ್ಲಿ ‘ನೇಚರ್’ ಪತ್ರಿಕೆ ಹಾಕಿತು. ಮೊದಲನೆಯದು 1951ರ ಲೌರಿ ಪೇಪರ್, 3 ಲಕ್ಷಕ್ಕೂ ಜಾಸ್ತಿ. ಅದರಲ್ಲಿರುವುದು ಪ್ರೊಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಡಿಎನ್‌ಎ ರಚನೆ ಹೇಳಿದ ವಾಟ್ಸನ್, ಕ್ರಿಕ್ ಅವರ 1953ರ ಪೇಪರ್ ಮೊದಲ ನೂರರಲ್ಲೇ ಇಲ್ಲ. ಪಾಪ, ಮುಯ್ಯಿ ಸರಿಯಾಗಿ ಹಾಕಿರಲಿಲ್ಲವೇನೋ.

2024ರಲ್ಲಿ ಇಬ್ಬರು ಸಂಶೋಧಕರು ಇನ್ನೂ ಮುಂದೆ ಹೋದರು. ಲ್ಯಾರಿ ಅನ್ನುವ ಬೆಕ್ಕಿನ ಹೆಸರಿನಲ್ಲಿ ಅರ್ಥವಿಲ್ಲದ ಪೇಪರ್‌ಗಳನ್ನು ತಯಾರಿಸಿ, ಅವಕ್ಕೆ ಸುಳ್ಳು ಸೈಟೇಶನ್ ಹಾಕಿ, ಸೈಟೇಶನ್ ಲೆಕ್ಕ ಇಡುವ ಗೂಗಲ್ ಸ್ಕಾಲರ್‌ಗೆ ತೋರಿಸಿದರು. ಬೆಕ್ಕಿನ ಎಚ್-ಇಂಡೆಕ್ಸ್ 11 ಆಯಿತು. ಸೈಟೇಶನ್ ಮಾರಾಟವಾಗುತ್ತಿದೆ ಅಂತ ಜಗತ್ತಿಗೆ ತೋರಿಸಲು ಮಾಡಿದ ಕೆಲಸ ಅದು. ನಮ್ಮಲ್ಲಿ ಕೆಲವರು ಓದಿ ಬೇಸರಪಟ್ಟರು. ಬೆಕ್ಕು ತಮಗಿಂತ ಎರಡು ಮುಂದಿತ್ತು.

ನನಗೆ ಚಿಂತೆ ಲಕ್ಷ್ಮಣಯ್ಯನವರದ್ದು. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು. ಊರೂರಿನ ಹೊಲದಲ್ಲಿ ರಾಗಿ ಇಳುವರಿ ಏರಿತು. ಅವರು ಇವತ್ತು ಇಂಟರ್‌ವ್ಯೂಗೆ ಬಂದರೆ ಸಮಿತಿಯವರು ಫೈಲ್ ತಿರುವಿ ಹಾಕುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

‘ಲಕ್ಷಾಂತರ ಜನ ನಿಮ್ಮ ರಾಗಿಯ ಮುದ್ದೆ ನುಂಗಿದ್ದಾರೆ, ಸರಿ. ಆದರೆ ನುಂಗುವಾಗ ಒಬ್ಬರೂ ನಿಮ್ಮನ್ನು ಸೈಟ್ ಮಾಡಿಲ್ಲವಲ್ಲ ಸ್ವಾಮಿ? ನೆಕ್ಸ್ಟ್ ಯಾರಪ್ಪಾ, ಆ ಲ್ಯಾರಿಯನ್ನು ಕಳಿಸು.’