ಕುಂಬಳಕಾಯಿ ಆಟೋದಲ್ಲಿ ಬಂತು

ಎದುರು ಮನೆ ರಾಯರು ಹೊಸ ಕಾರು ತಂದರು. ತಂದರು ಅಂತ ಸುಮ್ನೆ ಹೇಳಿಬಿಟ್ಟರೆ ಅವರಿಗೆ ಬೇಜಾರಾಗುತ್ತದೆ. ಮನೆ ತುಂಬಿಸಿಕೊಂಡರು ಅನ್ನಬೇಕು. ಆರತಿ ಎತ್ತಿದರು, ದೃಷ್ಟಿ ತೆಗೆದರು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟರು. ಷೋರೂಮಿನಲ್ಲಿ ಆಗಲೇ ಒಂದು ಸುತ್ತು ಮುಗಿದಿತ್ತು. ಅಲ್ಲಿ ಕಾರಿಗೆ ರೇಷ್ಮೆ ಬಟ್ಟೆ ಹೊದಿಸಿದ್ದರು, ಕೇಕು ಕತ್ತರಿಸಿದರು, ಆಳೆತ್ತರದ ರಟ್ಟಿನ ಕೀ ಹಿಡಿದು ಇಡೀ ಸಂಸಾರ ಫೋಟೊಗೆ ನಿಂತಿತ್ತು. ನಮ್ಮ ಮನೆಗೆ ಅರ್ಧ ಕೆಜಿ ಮೈಸೂರುಪಾಕು ಬಂತು. ಮಗಳ ಮದುವೆಯಲ್ಲಿ ಬಂದದ್ದು ಎರಡು ಲಾಡು.

ಒಂದೇ ಕೊರತೆ ಅಂದರೆ ತುಂಬಿಸಿಕೊಳ್ಳೋಕೆ ಮನೆಯಲ್ಲಿ ಜಾಗ ಇಲ್ಲ. ಇಪ್ಪತ್ತು ಮೂವತ್ತರ ಸೈಟು. ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ್ದ ಕಡೆ ಈಗ ಬ್ಯೂಟಿ ಪಾರ್ಲರ್ ಇದೆ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಹಾಗಾಗಿ ಆರತಿ ಎತ್ತಿ ಕರೆದ ಸೊಸೆಗೆ ಬೀದಿಯೇ ಗತಿ.

"ಬೀದಿ ಅಂದ್ರೆ ಏನ್ ಸ್ವಾಮಿ? ಟ್ಯಾಕ್ಸ್ ಕಟ್ಟಿಲ್ವಾ ನಾನು?" ಅಂತ ರಾಯರು ಕೇಳಿದರು. ಕಟ್ಟಿದ್ದಾರೆ. ಹನ್ನೆರಡು ಲಕ್ಷದ ಕಾರು. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ಶೇ 17. ಎರಡು ಲಕ್ಷದ ನಾಲ್ಕು ಸಾವಿರ ಆಯಿತು, ಸೆಸ್ಸು ಬೇರೆ. ನಾನೂ ಕೂತು ಲೆಕ್ಕ ಹಾಕಿದೆ. ಕಾರು ನಿಲ್ಲುವ ಜಾಗ ಸುಮಾರು 77 ಚದರಡಿ. ಅಂದರೆ ಚದರಡಿಗೆ 2,650 ರೂಪಾಯಿ ಬಿತ್ತು. ಬೆಂಗಳೂರಿನಲ್ಲಿ ಈ ರೇಟಿಗೆ ಸೈಟು ಸಿಗುವುದು ಕಾರಿಗೆ ಮಾತ್ರ. ಖಾತೆ ಒಂದು ಮಾಡಿಸಿಲ್ಲ, ಅಷ್ಟೆ.

ರಾಯರಿಗೆ ಮೈಲೇಜಿನ ಮಾತು ಬೇಡ. ಅವರಿಗೆ ಮುಖ ಮುಖ್ಯ. "ಮುಖ ನೋಡಿ, ಏನ್ ಗತ್ತು!" ನೋಡಿದೆ. ಹುಬ್ಬು ಗಂಟಿಕ್ಕಿದಂಥ ದೀಪ, ಹಲ್ಲು ಕಚ್ಚಿದಂಥ ಗ್ರಿಲ್ಲು. ಮೂರು ತಿಂಗಳು ಬಾಡಿಗೆ ಬಾಕಿ ಇದ್ದಾಗ ಓನರ್ ಮುಖ ಇರುತ್ತದಲ್ಲ, ಥೇಟ್ ಹಾಗೆ. ಅಂಬಾಸಿಡರ್ ಮುಖವೇ ಬೇರೆ ಇತ್ತು. ಮದುವೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿ ಕೂತ ಸೋದರಮಾವನ ಮುಖ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ 1950ರ ದಶಕದಲ್ಲಿ ಕೂತ ಮಾವ 2014ರವರೆಗೂ ಹೆಚ್ಚು ಕಡಿಮೆ ಹಾಗೇ ಕೂತಿದ್ದ. ಜನ ಆಗಲೂ ಕಾರನ್ನು ಪ್ರೀತಿಸುತ್ತಿದ್ದರು. ಬೇರೆ ಸಿಗುತ್ತಿರಲಿಲ್ಲವಲ್ಲ! ಈಗಿನ ಕಾರುಗಳೋ, ಎಲ್ಲವೂ ಜಗಳಕ್ಕೆ ಬಂದ ಹಾಗಿವೆ. ಸಾಯಂಕಾಲ ಸಿಲ್ಕ್ ಬೋರ್ಡ್ ಹತ್ತಿರ ಹೋಗಿ ನೋಡಿ. ಮುಂದೆ ಹುಲಿ, ಹಿಂದೆ ಹುಲಿ, ಎರಡೂ ಪಕ್ಕದಲ್ಲಿ ಹುಲಿ. ಆ ಹುಲಿಗಳ ಸಂದಿಯಲ್ಲಿ ಕಡಲೆಕಾಯಿ ಮಾರುವವನು ಆರಾಮಾಗಿ ನಡೆದು ಮುಂದೆ ಹೋಗುತ್ತಾನೆ.

ಮುಖ ಆದ ಮೇಲೆ ಎತ್ತರ. "ಮೇಲೆ ಕೂತ್ರೆ ರಾಜನ ಥರ ಇರುತ್ತೆ" ಅಂದರು. ಇರಬಹುದು. ಆದರೆ ರಾಯರ ತಾಯಿಗೆ ಎಂಬತ್ತರ ಹತ್ತಿರ ಹತ್ತಿರ. ಅಷ್ಟು ಎತ್ತರಕ್ಕೆ ಕಾಲೆತ್ತೋಕೆ ಅವರಿಗೆ ಆಗುವುದಿಲ್ಲ. ಅದಕ್ಕೆ ಡಿಕ್ಕಿಯಲ್ಲಿ ಒಂದು ಮರದ ಮಣೆ ಇಟ್ಟಿದ್ದಾರೆ. ಅಜ್ಜಿ ಹತ್ತುವಾಗ ಮಣೆ ಹಾಕುವುದು, ಹತ್ತಿದ ಮೇಲೆ ಎತ್ತಿಡುವುದು, ಇಳಿಯುವಾಗ ಮತ್ತೆ ಹಾಕುವುದು. ಹನ್ನೆರಡು ಲಕ್ಷದ ಕಾರಿನಲ್ಲಿ ನಿಜವಾಗಿ ಯೋಚನೆ ಮಾಡಿ ಮಾಡಿದ ವಸ್ತು ಅದೊಂದೇ ಅಂತ ನನಗೆ ಅನುಮಾನ.

ಸನ್‌ರೂಫ್ ಕೂಡ ಇದೆ. ಆಕಾಶ ನೋಡೋಕೆ ಅಂತ ಜಾಸ್ತಿ ದುಡ್ಡು ಕೊಟ್ಟು ಮಾಡಿನಲ್ಲಿ ಕಿಂಡಿ ಮಾಡಿಸಿಕೊಂಡು, ಮೆಟ್ರೋ ಕೆಳಗೆ ಮುಕ್ಕಾಲು ಗಂಟೆ ನಿಂತು ಕಾಂಕ್ರೀಟ್ ನೋಡುತ್ತೇವೆ.

"ಇಟಲಿಯವರ ಡಿಸೈನ್ ಇದ್ದ ಹಾಗಿದೆ ಅಲ್ವಾ?" ಅಂತ ರಾಯರು ಬಾನೆಟ್ ಸವರಿದರು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. "ಇಟಲಿ ಅಲ್ಲ ರಾಯರೇ, ಹಣಕಾಸು ಸಚಿವಾಲಯದ್ದು" ಅಂದೆ. ಹೌದಲ್ಲ ಮತ್ತೆ? 2006ರ ಬಜೆಟ್‌ನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಸಣ್ಣ ಕಾರು ಅಂದರೆ ನಾಲ್ಕು ಮೀಟರ್ ದಾಟಬಾರದು, ಎಂಜಿನ್ನಿಗೂ ಮಿತಿ. ಅವತ್ತಿನಿಂದ ದೇಶದಲ್ಲಿ ಕಾರುಗಳ ಬಾಲ ಕತ್ತರಿಸುವ ಕೆಲಸ ಶುರುವಾಯಿತು. ಡಿಜೈರ್ ಮೊದಲು 4,160 ಮಿಲಿಮೀಟರ್ ಉದ್ದ ಇತ್ತು. 2012ರಲ್ಲಿ 3,995 ಆಗಿ ಬಂತು. 440 ಲೀಟರ್ ಇದ್ದ ಡಿಕ್ಕಿ 316 ಲೀಟರ್ ಆಯಿತು. ಹಿಂದಿನಿಂದ ನೋಡಿದರೆ ಯಾರೋ ಬಾಗಿಲು ಹಾಕುವಾಗ ಬಾಲ ಸಿಕ್ಕಿಕೊಂಡ ಬೆಕ್ಕಿನ ಹಾಗಿತ್ತು. ಜನ ಎರಡು ದಿನ ನಕ್ಕರು, ಮೂರನೇ ದಿನ ಬುಕ್ ಮಾಡಿದರು. ಈಗ ಗತ್ತಿನ ಮುಖದ ಚಿಕ್ಕ ಎಸ್‌ಯುವಿಗಳನ್ನು ಅಳೆದು ನೋಡಿ. 3,995, ಮತ್ತೊಂದು 3,995. ಹುಲಿಗಳೆಲ್ಲ ಒಂದೇ ಟೈಲರ್ ಹತ್ತಿರ ಅಳತೆ ಕೊಟ್ಟ ಹಾಗೆ. 2025ರ ಸೆಪ್ಟೆಂಬರ್ 22ರಿಂದ ಆ ನಾಲ್ಕು ಮೀಟರ್ ಗೆರೆಯ ಈಚೆ ಜಿಎಸ್‌ಟಿ ಶೇ 18, ಆಚೆ 40. ಬಂಪರ್ ಐದೇ ಮಿಲಿಮೀಟರ್ ದೂರದಲ್ಲಿ ಉಸಿರು ಬಿಗಿ ಹಿಡಿದು ನಿಂತಿದೆ. ರಾಯರು ಮುತ್ತಿಡುತ್ತಿರುವುದು ತೆರಿಗೆ ಕೋಷ್ಟಕಕ್ಕೆ.

ರಾಯರ ಮುಖವೂ ಗ್ರಿಲ್ಲಿನ ಹಾಗೇ ಆಯಿತು. ಸಮಾಧಾನ ಮಾಡೋಣ ಅಂತ ಗುಜರಾತಿನ ಸುದ್ದಿ ಹೇಳಿದೆ. ಅಮ್ರೇಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ 2024ರ ನವೆಂಬರ್‌ನಲ್ಲಿ ಒಂದು ಕುಟುಂಬ ತಮ್ಮ ಹಳೇ ವ್ಯಾಗನ್ ಆರ್ ಕಾರಿಗೆ ಸಮಾಧಿ ಮಾಡಿತು. ಆ ಕಾರು ಬಂದ ಮೇಲೆ ಅದೃಷ್ಟ ಕುದುರಿತಂತೆ. ಮಾರೋಕೆ ಮನಸ್ಸು ಬರಲಿಲ್ಲ. ಕರೆಯೋಲೆ ಅಚ್ಚು ಹಾಕಿಸಿ, ಸಾವಿರಕ್ಕೂ ಹೆಚ್ಚು ಜನರನ್ನು ಕರೆದು, ಹೂವಿನ ಹಾರ, ಮಂತ್ರ ಎಲ್ಲ ಮಾಡಿಸಿ ಗುಂಡಿಗೆ ಇಳಿಸಿದರು. ಮಣ್ಣು ಮುಚ್ಚಿದ್ದು ಜೆಸಿಬಿ. ಖರ್ಚು ಸುಮಾರು ನಾಲ್ಕು ಲಕ್ಷ.

ನಗುತ್ತಾರೆ ಅಂದುಕೊಂಡಿದ್ದೆ. ರಾಯರ ಕಣ್ಣು ತೇವ ಆಯಿತು. "ಪುಣ್ಯವಂತರು. ಅವರಿಗೆ ಜಮೀನಿತ್ತು. ಇಲ್ಲಿ ನಿಲ್ಲಿಸೋಕೇ ಜಾಗ ಇಲ್ಲ, ಇನ್ನು ಹೂಳೋದೆಲ್ಲಿ?"

ನಿಂಬೆಹಣ್ಣಿನ ಬಗ್ಗೆಯೂ ಎಚ್ಚರಿಸೋಣ ಅನ್ನಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಒಂದು ಷೋರೂಮಿನ ಮೊದಲ ಮಹಡಿಯಲ್ಲಿ ಹೊಸ ಥಾರ್ ಜೀಪು ನಿಂಬೆಹಣ್ಣು ತುಳಿಯಲು ಹೋಗಿ, ಗಾಜು ಒಡೆದು ಕೆಳಗೆ ಬಿತ್ತು. ಪುಣ್ಯಕ್ಕೆ ಜೀವಕ್ಕೆ ಏನೂ ಆಗಲಿಲ್ಲ. ನಿಂಬೆಹಣ್ಣು ಕೆಲಸ ಮಾಡಿತು ಅಂತ ಹೇಳುವವರೂ ಇದ್ದಾರು. ಅದಕ್ಕೇ ಆ ಮಾತು ಎತ್ತಲಿಲ್ಲ.

ಆಯುಧಪೂಜೆ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ರಾಯರು ಚೀಲ ಹಿಡಿದು ಆಟೋಗೆ ಕೈ ಅಡ್ಡ ಹಾಕುತ್ತಿದ್ದಾರೆ. ಕಾರು ಕವರ್ ಹೊದ್ದುಕೊಂಡು ಮಲಗಿದೆ.

"ಎಲ್ಲಿಗೆ ರಾಯರೇ?"

"ಕೆ.ಆರ್. ಮಾರ್ಕೆಟ್ಟಿಗೆ. ಬೂದುಗುಂಬಳ, ಬಾಳೆಕಂದು, ಹೂವು ಎಲ್ಲ ತರಬೇಕು. ನಾಳೆ ಕಾರಿನ ಪೂಜೆ."

"ಕಾರಿದೆಯಲ್ಲ?"

ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ತೆಗೆದ್ರೆ ಜಾಗ ಹೋಗುತ್ತೆ. ಮೂಲೆ ಮನೆಯವನು ಹೊಂಚು ಹಾಕ್ತಾ ಇದ್ದಾನೆ. ಹೂಕುಂಡ ಇಟ್ಟಿದ್ದೆ, ಅದನ್ನೂ ಎತ್ತಿ ಚರಂಡಿ ಪಕ್ಕ ಇಟ್ಟುಬಿಟ್ಟಿದ್ದ."

ಆಟೋದವನು ಮೀಟರ್ ಮೇಲೆ ಐವತ್ತು ಕೇಳಿದ. ರಾಯರು ಚೌಕಾಸಿ ಮಾಡದೆ ಹತ್ತಿದರು. ಕಾಲು ಸುಲಭವಾಗಿ ಎಟುಕಿತು, ಮಣೆ ಬೇಕಾಗಲಿಲ್ಲ. ಎರಡು ಗಂಟೆ ಬಿಟ್ಟು ಕುಂಬಳಕಾಯಿ ತೊಡೆ ಮೇಲೆ ಇಟ್ಟುಕೊಂಡು, ಬಾಳೆಕಂದು ಆಟೋದ ಎರಡೂ ಕಡೆ ಚಾಚಿಕೊಂಡು ವಾಪಸ್ ಬಂದರು. ಎಲ್ಲ ಸಲೀಸಾಗಿ ಹಿಡಿಸಿತ್ತು.